ಕಿವಿಮಾತಿನಿಂದ ಸಂಹಿತೆಗೆ: ಕನ್ನಡದಲ್ಲಿ ಸ್ತ್ರೀ ಆರೋಗ್ಯದ ಮೂಲ ಓದು

ಕನ್ನಡ ಸಾಹಿತ್ಯ ಚರಿತ್ರೆಗಳು ವೈದ್ಯಗ್ರಂಥಗಳನ್ನು ‘ಶಾಸ್ತ್ರಸಾಹಿತ್ಯ’ ಎಂಬ ತಲೆಬರಹದಡಿ ಸೇರಿಸಿ, ನಾಲ್ಕಾರು ಹೆಸರುಗಳನ್ನು ಎಣಿಸಿ ಮುಂದೆ ಸಾಗುವುದು ವಾಡಿಕೆ. ಆ ಎಣಿಕೆಯನ್ನು ಒಮ್ಮೆ ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ದನಕರುಗಳಿಗೆ ಕೀರ್ತಿವರ್ಮನ ‘ಗೋವೈದ್ಯ’ವಿದೆ, ಕುದುರೆಗಳಿಗೆ ಅಭಿನವಚಂದ್ರನ ‘ಅಶ್ವವೈದ್ಯ’ವಿದೆ, ವಿಷಕ್ಕೆ ಮಂಗರಾಜನ ‘ಖಗೇಂದ್ರಮಣಿದರ್ಪಣ’ವಿದೆ, ಎಳೆಯ ಮಕ್ಕಳನ್ನು ಕಾಡುವ ಗ್ರಹಪೀಡೆಗೆ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’ಯಿದೆ. ಚರಿತ್ರೆಕಾರರು ಹೀಗೆ ಹೆಸರಿಸುವ ಪ್ರಸಿದ್ಧ ಕೃತಿಗಳಲ್ಲಿ ಹೆಣ್ಣಿನ ದೇಹವು ತನ್ನದೇ ಹೆಸರಿನ ಗ್ರಂಥವನ್ನು ಪಡೆದಂತೆ ಕಾಣುವುದಿಲ್ಲ. ಅದು ವೈದ್ಯಗ್ರಂಥದ ಒಂದು ಪ್ರಕರಣವಾಗಿಯೋ, ಕಾಮಶಾಸ್ತ್ರದ ವರ್ಣನೆಯಾಗಿಯೋ ಇತರರ ಪುಸ್ತಕಗಳ ಒಳಗೆ ಉಳಿಯಿತು. ಅದರ ಬಗೆಗಿನ ನಿಜವಾದ ತಿಳಿವಳಿಕೆ ಸೂಲಗಿತ್ತಿಯರ ಕೈಯಲ್ಲಿ, ಬಾಣಂತನದ ಕೋಣೆಯಲ್ಲಿ, ತಾಯಿ ಮಗಳಿಗೆ ತಗ್ಗಿದ ದನಿಯಲ್ಲಿ ಹೇಳುವ ಮಾತಿನಲ್ಲಿ ಇತ್ತು.

ಈ ಹಿನ್ನೆಲೆಯಲ್ಲಿ ಒಂದು ಸರಳ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು. ಪದವಿ ತರಗತಿಯ ಒಬ್ಬ ವಿದ್ಯಾರ್ಥಿನಿ ತನ್ನ ದೇಹವನ್ನು ಕುರಿತು ಕನ್ನಡದಲ್ಲಿ ಮೊದಲು ಏನನ್ನು ಓದಬೇಕು ಎಂದು ಕನ್ನಡ ಅಧ್ಯಾಪಕರನ್ನು ಕೇಳಿದರೆ ಉತ್ತರವೇನು? ‘ಅದನ್ನು ವೈದ್ಯರನ್ನು ಕೇಳಬೇಕು’ ಎಂದು ಜಾರಿಕೊಳ್ಳುವುದು ಸುಲಭ. ಆದರೆ ಪುಸ್ತಕವನ್ನು ಆಯುವುದು, ಅದರ ಭಾಷೆಯನ್ನು ತೂಗುವುದು, ಅದು ಯಾರನ್ನು ಉದ್ದೇಶಿಸಿ ಮಾತನಾಡುತ್ತಿದೆ ಎಂದು ಗುರುತಿಸುವುದು ಸಾಹಿತ್ಯಾಭ್ಯಾಸಿಗಳ ಕೆಲಸವೇ. ಸ್ತ್ರೀ ಆರೋಗ್ಯದ ಕನ್ನಡ ಪುಸ್ತಕವನ್ನು ಅದರೊಳಗಿನ ಮಾಹಿತಿಯಿಂದ ಮಾತ್ರ ಅಳೆಯದೆ ಅದರ ಪದಸಂಪತ್ತು, ಸಂಬೋಧನೆ ಮತ್ತು ಕಾಲ ಈ ಮೂರರಿಂದಲೂ ಅಳೆಯಬೇಕು, ಈ ಅಳತೆಯಲ್ಲಿ ತಪ್ಪಿದರೆ ಅದರ ಬೆಲೆಯನ್ನು ಓದುವ ಹೆಣ್ಣು ದೇಹದಿಂದಲೇ ತೆರಬೇಕಾಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಎರಡು ಪದಕೋಶಗಳು

ಹೆಣ್ಣಿನ ದೇಹವನ್ನು ಕುರಿತು ಕನ್ನಡದಲ್ಲಿ ಎರಡು ಪದಕೋಶಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಒಂದು ಆಡುಮಾತಿನದು: ಮೈನೆರೆಯುವುದು, ಮುಟ್ಟು, ಬಸಿರು, ಬಯಕೆ, ಚೊಚ್ಚಲು, ಹೆರಿಗೆ, ಮಾಸು, ಬಾಣಂತಿ, ನಂಜು, ಸನ್ನಿ, ಮುಟ್ಟು ನಿಲ್ಲುವುದು. ಇನ್ನೊಂದು ಪಠ್ಯಪುಸ್ತಕದ್ದು: ಋತುಮತಿ, ರಜಸ್ರಾವ, ಗರ್ಭಧಾರಣೆ, ಪ್ರಸವ, ಜರಾಯು, ಪ್ರಸೂತಿ, ಋತುನಿವೃತ್ತಿ. ಎರಡನೆಯದು ಗೌರವದ ಭಾಷೆ, ಮೊದಲನೆಯದು ಅನುಭವದ ಭಾಷೆ ಎಂದು ಹೇಳಿ ಮುಗಿಸುವಂತಿಲ್ಲ. ಎರಡರಲ್ಲೂ ತೊಡಕುಗಳಿವೆ.

‘ಮುಟ್ಟು’ ಎಂಬ ಪದವನ್ನೇ ನೋಡಬಹುದು. ಕ್ರಿಯಾಪದವಾಗಿ ಅದು ಸ್ಪರ್ಶ, ನಾಮಪದವಾಗಿ ಸ್ಪರ್ಶಿಸಬಾರದ ಸ್ಥಿತಿ. ದೇಹದ ಒಂದು ಸಹಜ ವ್ಯಾಪಾರಕ್ಕೆ ಭಾಷೆ ಕೊಟ್ಟ ಹೆಸರೇ ಒಂದು ನಿಷೇಧವನ್ನು ಹೊತ್ತಿದೆ. ‘ಹೊರಗಾಗಿದ್ದಾಳೆ’, ‘ದೂರ ಕೂತಿದ್ದಾಳೆ’ ಎಂಬ ನುಡಿಗಟ್ಟುಗಳು ದೇಹದಲ್ಲಿ ನಡೆಯುವುದನ್ನು ಬಿಟ್ಟು ಮನೆಯೊಳಗೆ ಅವಳಿಗೆ ಉಳಿದ ಜಾಗವನ್ನು ಹೇಳುತ್ತವೆ. ಮಕ್ಕಳು ಕೇಳಿದರೆ ‘ಕಾಗೆ ಮುಟ್ಟಿದೆ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಇಂಥ ಪದಗಳಿಂದ ಪಾರಾಗಲು ಸಂಸ್ಕೃತದ ‘ಋತು’ವನ್ನು ಆಶ್ರಯಿಸಿದರೆ ನಿಷೇಧದ ಭಾರವೇನೋ ಕಡಿಮೆಯಾಗುತ್ತದೆ, ಆದರೆ ಆ ಪದ ಓದುವವಳ ಬಾಯಲ್ಲಿಲ್ಲ. ಹದಿಹರೆಯದ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ವಿತರಿಸುವ ಯೋಜನೆಗೆ ರಾಜ್ಯ ಸರ್ಕಾರ ಆಯ್ದ ಹೆಸರು ‘ಶುಚಿ’. ಉದ್ದೇಶ ಆರೋಗ್ಯದ್ದೇ ಆದರೂ ಹೆಸರು ಮಾತ್ರ ಮಡಿಮೈಲಿಗೆಯ ನೆರೆಯಿಂದಲೇ ಬಂದಿತು. 2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ರಜೆಯ ನೀತಿಯನ್ನು ಒಪ್ಪಿದಾಗ ಪತ್ರಿಕೆಗಳಲ್ಲಿ ‘ಮುಟ್ಟಿನ ರಜೆ’ ಮತ್ತು ‘ಋತುಚಕ್ರ ರಜೆ’ ಎಂಬ ಎರಡೂ ರೂಪಗಳು ಕಾಣಿಸಿಕೊಂಡವು. ಎರಡು ಪದಕೋಶಗಳ ನಡುವಿನ ಜಗ್ಗಾಟ ಇನ್ನೂ ಮುಗಿದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಜಗ್ಗಾಟ ಕೇವಲ ಶೈಲಿಯ ಪ್ರಶ್ನೆಯಲ್ಲ ಎಂಬುದನ್ನು ತೋರಿಸಲು ‘ಬಿಳಿ ಸೆರಗು’ ಎಂಬ ಪದದಷ್ಟು ಸೂಕ್ತ ನಿದರ್ಶನ ಮತ್ತೊಂದಿಲ್ಲ. ಯೋನಿಯಿಂದ ಹೋಗುವ ಬಿಳಿಯ ದ್ರವಕ್ಕೆ ಹೆಂಗಸರು ಇಟ್ಟುಕೊಂಡ ಹೆಸರಿದು, ಗ್ರಂಥಭಾಷೆಯಲ್ಲಿ ‘ಶ್ವೇತಪ್ರದರ’. ಸೀರೆಯ ಸೆರಗಿನ ಮರೆಯಲ್ಲಿ ದೇಹದ ಮಾತನ್ನು ಅಡಗಿಸಿಟ್ಟ ಈ ಪದದ ನಾಜೂಕು ಮೆಚ್ಚತಕ್ಕದ್ದೇ. ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ತಿಂಗಳ ಚಕ್ರದ ನಡುವಿನ ದಿನಗಳಲ್ಲಿ, ಬಸಿರಿನಲ್ಲಿ, ತಿಳಿಯಾದ ಅಥವಾ ಬೆಳ್ಳನೆಯ ದ್ರವ ಹೋಗುವುದು ಆರೋಗ್ಯವಂತ ದೇಹದ ಲಕ್ಷಣ. ಮೊಸರಿನಂತೆ ಗಟ್ಟಿಯಾಗಿ ತುರಿಕೆ ತರುವುದು, ಹಸಿರು ಅಥವಾ ಹಳದಿ ಬಣ್ಣಕ್ಕೆ ತಿರುಗುವುದು, ದುರ್ವಾಸನೆ, ಕಿಬ್ಬೊಟ್ಟೆಯ ನೋವು, ಮುಟ್ಟು ನಿಂತ ಮೇಲೆ ರಕ್ತ ಬೆರೆತು ಬರುವುದು ಇವು ಚಿಕಿತ್ಸೆ ಬೇಡುವ ಲಕ್ಷಣಗಳು. ‘ಬಿಳಿ ಸೆರಗು’ ಎಂಬ ಒಂದೇ ಪದ ಈ ಎರಡನ್ನೂ ಒಳಗೊಂಡಿದೆ. ಅದರ ಜೊತೆಗೆ ‘ಎಲುಬು ಕರಗಿ ಹೋಗುತ್ತದೆ’ ಎಂಬ ನಂಬಿಕೆ ಸೇರಿದಾಗ ಸಹಜವಾದುದೂ ಭಯದ ವಸ್ತುವಾಗುತ್ತದೆ.

ಈ ಭಯ ಶಸ್ತ್ರಕ್ರಿಯೆಯ ಮೇಜಿನವರೆಗೂ ಕರೆದೊಯ್ಯಬಲ್ಲದು. ಮದ್ದಿನಿಂದ ವಾಸಿಯಾಗುವ ಬಿಳಿ ಸೆರಗಿಗೆ ಕ್ಯಾನ್ಸರಿನ ಹೆದರಿಕೆ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದುಹಾಕಿದ ದೂರುಗಳು ದೇಶದ ಹಲವು ರಾಜ್ಯಗಳಿಂದ ಬಂದಿವೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 3.3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಅನಗತ್ಯವಾದ ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸರ್ವೋಚ್ಚ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಬೇಕಾಯಿತು. ಗರ್ಭಕೋಶದೊಂದಿಗೆ ಅಂಡಾಶಯಗಳನ್ನೂ ತೆಗೆದಾಗ ಮೂವತ್ತರ ಹೆಣ್ಣಿಗೂ ಮುಟ್ಟು ನಿಂತ ದೇಹಸ್ಥಿತಿ ಒಮ್ಮೆಲೇ ಒದಗುತ್ತದೆ. ಎಲುಬು ಬೇಗ ಸವೆಯತೊಡಗುತ್ತದೆ, ಹೃದಯದ ತೊಂದರೆಯ ಸಾಧ್ಯತೆ ಏರುತ್ತದೆ. ಹೀಗಿರುವಾಗ ‘ಶ್ವೇತಪ್ರದರ’ ಎಂಬ ಶೀರ್ಷಿಕೆಯಿಂದ ಅಧ್ಯಾಯವನ್ನು ಆರಂಭಿಸಿ ‘ಬಿಳಿ ಸೆರಗು’ ಎಂಬ ಪದವನ್ನು ಒಮ್ಮೆಯೂ ಬಳಸದ ಪುಸ್ತಕ ಎಷ್ಟೇ ಶಾಸ್ತ್ರಶುದ್ಧವಾಗಿರಲಿ, ಅದು ಬೇಕಾದವಳ ಕೈಗೆ ತಲುಪುವುದಿಲ್ಲ. ಆ ಪದವನ್ನು ಬಳಸಿಯೂ ಅದರೊಳಗಿನ ಸಹಜವನ್ನೂ ರೋಗವನ್ನೂ ಬೇರ್ಪಡಿಸದ ಪುಸ್ತಕ ತಲುಪಿ ಕೆಡಿಸುತ್ತದೆ. ಒಳ್ಳೆಯ ಪುಸ್ತಕ ಓದುಗಳ ಪದದಿಂದ ಹೊರಟು, ಆ ಪದವನ್ನು ಬಿಡಿಸಿ, ಅನಂತರ ಶಾಸ್ತ್ರದ ಪದವನ್ನು ಅವಳ ಕೈಗೆ ಕೊಡುತ್ತದೆ. ಆಸ್ಪತ್ರೆಯ ಚೀಟಿಯನ್ನು ಓದಿಕೊಳ್ಳಲು ಅವಳಿಗೆ ಎರಡನೆಯದೂ ಬೇಕು.

‘ರಕ್ತ ಕಮ್ಮಿ’ ಎಂಬ ಮಾತೂ ಇದೇ ಜಾಡಿನದು. ಮೇಲೆ ಹೇಳಿದ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. 2015–16ರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 44.8 ಇತ್ತು. ಆಡುಮಾತಿನಲ್ಲಿ ಇದು ರಕ್ತದ ಪ್ರಮಾಣದ ಕೊರತೆಯಂತೆ ಕೇಳಿಸಿದರೂ ಕೊರತೆಯಿರುವುದು ರಕ್ತದೊಳಗಿನ ಹಿಮೋಗ್ಲೋಬಿನ್‌ನಲ್ಲಿ. ಬಸಿರಿಯಲ್ಲಿ ಅದು ಡೆಸಿಲೀಟರಿಗೆ 11 ಗ್ರಾಂಗಿಂತ, ಇತರ ಮಹಿಳೆಯರಲ್ಲಿ 12 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎನಿಸುತ್ತದೆ. ರಾಗಿ ತಿಂದರೆ ರಕ್ತ ಬರುತ್ತದೆ ಎಂಬ ಸಾಮಾನ್ಯ ಸಲಹೆಯನ್ನು ಪುಸ್ತಕವೊಂದು ಹೇಗೆ ನಿರ್ವಹಿಸುತ್ತದೆ ಎಂಬುದು ಅದರ ಗುಣಕ್ಕೆ ಒರೆಗಲ್ಲು. ರಾಗಿಯ ಹಿರಿಮೆ ಮುಖ್ಯವಾಗಿ ಅದರ ಸುಣ್ಣದಂಶದಲ್ಲಿದೆ. 100 ಗ್ರಾಂ ರಾಗಿಯಲ್ಲಿ ಅದು 340 ಮಿಲಿಗ್ರಾಂಗೂ ಹೆಚ್ಚು. ಅದರಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಮೊಳಕೆ ಕಟ್ಟಿಸಿ ಹಿಟ್ಟು ಮಾಡುವ ರೂಢಿ ಆ ಅಡ್ಡಿಯನ್ನು ಕೆಲಮಟ್ಟಿಗೆ ತಗ್ಗಿಸುತ್ತದೆ, ಊಟಕ್ಕೆ ಹಿಂಡುವ ನಿಂಬೆಹಣ್ಣು ಸಹಾಯ ಮಾಡುತ್ತದೆ, ಊಟದ ಬೆನ್ನಲ್ಲೇ ಕುಡಿಯುವ ಚಹಾ ಕಾಫಿ ಮತ್ತೆ ಅಡ್ಡ ಬರುತ್ತವೆ. ಇಷ್ಟನ್ನು ಅಡುಗೆಮನೆಯ ಮಾತಿನಲ್ಲೇ ಹೇಳಬಹುದು. ಹೇಳುವ ಲೇಖಕಿಗೆ ಅಡುಗೆಮನೆಯೂ ಗೊತ್ತಿರಬೇಕು, ಪ್ರಯೋಗಶಾಲೆಯೂ ಗೊತ್ತಿರಬೇಕು.

ಸಂಬೋಧನೆಯ ಪ್ರಶ್ನೆ

ಈ ಎರಡೂ ಗೊತ್ತಿದ್ದ ಲೇಖಕಿಯರಲ್ಲಿ ಮೊದಲು ನೆನೆಯಬೇಕಾದ ಹೆಸರು ಡಾ. ಅನುಪಮಾ ನಿರಂಜನ (1934–1991) ಅವರದು. ತೀರ್ಥಹಳ್ಳಿಯಲ್ಲಿ ಹುಟ್ಟಿ, ಮೈಸೂರಿನಲ್ಲಿ ವೈದ್ಯಕೀಯ ಕಲಿತು, ಧಾರವಾಡ ಮತ್ತು ಬೆಂಗಳೂರುಗಳಲ್ಲಿ ವೃತ್ತಿ ನಡೆಸಿದ ಅವರು ಕಾದಂಬರಿಗಾರ್ತಿಯಾಗಿ ವಿಮರ್ಶೆಯ ಗಮನ ಸೆಳೆದಷ್ಟು ಆರೋಗ್ಯಲೇಖಕಿಯಾಗಿ ಸೆಳೆಯಲಿಲ್ಲ. ಅವರ ವೈದ್ಯಕೀಯ ಪುಸ್ತಕಗಳ ಶೀರ್ಷಿಕೆಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ಚಿತ್ರ ಮೂಡುತ್ತದೆ: ‘ಕೇಳು ಕಿಶೋರಿ’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’.

ಮೊದಲ ನಾಲ್ಕು ಶೀರ್ಷಿಕೆಗಳು ಹೆಣ್ಣಿನ ಬಾಳಿನ ಘಟ್ಟಗಳನ್ನು ಅನುಸರಿಸುತ್ತವೆ. ಕಿಶೋರಿ, ವಧು, ಹೆಂಡತಿ, ತಾಯಿ ಎಂಬ ಈ ನಡೆ ಕುಟುಂಬವ್ಯವಸ್ಥೆ ಒಪ್ಪಿದ ನಡೆಯೇ ಆಗಿದೆ. ‘ಕಿವಿಮಾತು’ ಎಂಬ ಪದವಂತೂ ಬಹಳ ಅರ್ಥಪೂರ್ಣವಾದುದು. ಅಮ್ಮನೋ ಅಕ್ಕನೋ ಮದುವೆಯ ಹಿಂದಿನ ದಿನ ಕಿವಿಯಲ್ಲಿ ಉಸುರುತ್ತಿದ್ದುದನ್ನು ಅಚ್ಚಿನ ಪುಸ್ತಕ ತನ್ನದನ್ನಾಗಿ ಮಾಡಿಕೊಂಡಿತು. ಗುಟ್ಟಿನ ಮಾತು ಸಾವಿರಾರು ಪ್ರತಿಗಳಲ್ಲಿ ಮುದ್ರಣಗೊಂಡು ಬಯಲಿಗೆ ಬಂದರೂ ಅದು ಕಿವಿಮಾತಾಗಿಯೇ ಉಳಿಯಿತು. ಅಚ್ಚಿಗೆ ಬಾರದ ವಿಷಯವನ್ನು ಮನೆಯೊಳಕ್ಕೆ ತರಲು ಕಂಡುಕೊಂಡ ಜಾಣ ದಾರಿ ಇದು ಎಂದು ತಿಳಿಯಬೇಕು. ‘ವಧು’ ಎಂಬ ಮಂಗಳಕರ ಪದ ಮುಖಪುಟದಲ್ಲಿರುವ ಪುಸ್ತಕವನ್ನು ಯಾವ ಮಾವನ ಮನೆಯೂ ಹೊರಗಿಡಲಾರದು.

ಈ ಸಂಬೋಧನೆಗೆ ಒಂದು ಪೂರ್ವೇತಿಹಾಸವಿದೆ. ನಂಜನಗೂಡು ತಿರುಮಲಾಂಬಾ (1887–1982) ಅವರು 1913ರಲ್ಲಿ ಆರಂಭಿಸಿದ ಗ್ರಂಥಮಾಲೆಯ ಹೆಸರು ‘ಸತೀಹಿತೈಷಿಣಿ’. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಲೇಖಕಿ ತನ್ನ ಓದುಗರನ್ನು ‘ಸತಿ’ ಎಂದು ಕರೆಯಬೇಕಾಗಿ ಬಂದ ಸನ್ನಿವೇಶವೇ ಆ ಕಾಲವನ್ನು ಕುರಿತು ಬಹಳಷ್ಟು ಹೇಳುತ್ತದೆ. ಸರ್ಕಾರದ ಭಾಷೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲೇ ಮೊದಲಿನವು ಎಂದು ಗುರುತಿಸಲಾಗುತ್ತದೆ. ಸೇವೆ ಇಷ್ಟು ಮುಂಚಿತವಾಗಿ ಬಂದರೂ, ಸ್ವಾತಂತ್ರ್ಯಾನಂತರದ ಕುಟುಂಬ ಯೋಜನೆ ಗೋಡೆಗೋಡೆಯ ಮೇಲೆ ಬರೆಸಿದ ಘೋಷಣೆ ‘ಆರತಿಗೊಬ್ಬಳು, ಕೀರ್ತಿಗೊಬ್ಬ’. ಇದರಲ್ಲಿ ಮಗಳಿದ್ದಾಳೆ, ಮಗನಿದ್ದಾನೆ. ಹೆರುವವಳು ಮಾತ್ರ ಇಲ್ಲ.

ಈ ಹಿನ್ನೆಲೆಯಿಂದ ನೋಡಿದಾಗ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಎಂಬ ಶೀರ್ಷಿಕೆಯ ಮಹತ್ವ ಗೋಚರಿಸುತ್ತದೆ. ಇಲ್ಲಿ ವಧುವೂ ಇಲ್ಲ, ತಾಯಿಯೂ ಇಲ್ಲ, ‘ಸ್ತ್ರೀ’ ಇದ್ದಾಳೆ. ಕಿವಿಮಾತು ಹೋಗಿ ಸಂಹಿತೆ ಬಂದಿದೆ. ಚರಕ, ಸುಶ್ರುತರ ಹೆಸರಿನೊಂದಿಗೆ ತಲೆಮಾರುಗಳಿಂದ ಅಂಟಿಕೊಂಡು ಬಂದ ಗ್ರಂಥಪ್ರಕಾರದ ಹೆಸರನ್ನು ಕನ್ನಡದ ಒಬ್ಬ ವೈದ್ಯೆ ಹೆಣ್ಣಿನ ಆರೋಗ್ಯಕ್ಕೆ ಕೊಟ್ಟರು. ಗೋವೈದ್ಯ, ಅಶ್ವವೈದ್ಯಗಳ ಸಾಲಿನಲ್ಲಿ ಖಾಲಿ ಉಳಿದಿದ್ದ ಜಾಗ ಹೆಸರಿನ ಮಟ್ಟಿಗಾದರೂ ಇಲ್ಲಿ ತುಂಬಿತು ಎನ್ನಬಹುದು.

ಹಾಗೆಂದು ಕಿವಿಮಾತಿನ ಮಿತಿಯನ್ನು ಮರೆಯುವಂತಿಲ್ಲ. ಕುಟುಂಬದ ಘಟ್ಟಗಳನ್ನು ಆಧರಿಸಿದ ಓದು ಮದುವೆಯಾಗದವಳನ್ನು, ವಿಧವೆಯನ್ನು, ಮಕ್ಕಳಿಲ್ಲದವಳನ್ನು, ಐವತ್ತು ದಾಟಿದವಳನ್ನು ಅಂಚಿಗೆ ತಳ್ಳುತ್ತದೆ. ಕಾನೂನಿನ ಭಾಷೆಯೂ ಈ ಪಾಠವನ್ನು ತಡವಾಗಿಯೇ ಕಲಿಯಿತು. 1971ರ ವೈದ್ಯಕೀಯ ಗರ್ಭಪಾತ ಕಾಯಿದೆ ಗರ್ಭನಿರೋಧಕದ ವೈಫಲ್ಯವನ್ನು ಹೇಳುವಾಗ ‘ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ’ ಬಳಸಿದ ಸಾಧನ ಎಂದಿತ್ತು. 2021ರ ತಿದ್ದುಪಡಿ ಅದನ್ನು ‘ಮಹಿಳೆ ಅಥವಾ ಆಕೆಯ ಸಂಗಾತಿ’ ಎಂದು ಬದಲಿಸಿತು. ವಧುವಿನಿಂದ ಸ್ತ್ರೀಯತ್ತ ನಡೆಯಲು ಶಾಸನಕ್ಕೆ 50 ವರ್ಷ ಬೇಕಾಯಿತು.

ಕಾದಂಬರಿಯೂ ಆರೋಗ್ಯದ ಓದೇ

ಸ್ತ್ರೀ ಆರೋಗ್ಯದ ಓದಿನ ಪಟ್ಟಿಯಲ್ಲಿ ಕಾದಂಬರಿಗೆ ಸ್ಥಾನವಿದೆಯೇ ಎಂಬ ಪ್ರಶ್ನೆ ವೈದ್ಯರಿಗೆ ವಿಚಿತ್ರವಾಗಿ ಕಾಣಬಹುದು. ಕನ್ನಡದ ಮಟ್ಟಿಗೆ ಉತ್ತರ ನಿಸ್ಸಂದೇಹವಾಗಿ ಹೌದು, ಅದಕ್ಕೆ ತ್ರಿವೇಣಿಯವರ ‘ಶರಪಂಜರ’ ಒಂದೇ ಸಾಕು. ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿ ಚಿಕಿತ್ಸೆ ಪಡೆದು ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಅವಳು ಗುಣಮುಖಳಾಗಿದ್ದಾಳೆ ಎಂಬುದನ್ನು ನಂಬಲು ಮನೆಯೂ ನೆರೆಹೊರೆಯೂ ಸಿದ್ಧವಿಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಚಲನಚಿತ್ರವಾದಾಗ ಈ ಕಥೆ ಓದು ಬಾರದವರನ್ನೂ ತಲುಪಿತು.

ಆಡುಮಾತಿನಲ್ಲಿ ‘ಬಾಣಂತಿ ಸನ್ನಿ’ ಎಂಬ ಪದವಿದೆ. ಶೀತ ಬಡಿಯಿತು, ಗಾಳಿ ಸೋಕಿತು, ಪಥ್ಯ ಕೆಟ್ಟಿತು ಎಂದು ಅದಕ್ಕೆ ಕಾರಣಗಳನ್ನು ಹೇಳುತ್ತಿದ್ದರು. ತಪ್ಪು ಕೊನೆಗೆ ಬಾಣಂತಿಯ ತಲೆಗೇ ಬರುತ್ತಿತ್ತು. ಸಾವಿರ ಹೆರಿಗೆಗಳಲ್ಲಿ ಒಂದೆರಡರ ನಂತರ ತೀವ್ರವಾದ ಮನೋವಿಕಲತೆ ತಲೆದೋರುತ್ತದೆ, ಹೆರಿಗೆಯಾದ ಮೊದಲ ವಾರಗಳಲ್ಲೇ ಅದು ಕಾಣಿಸಿಕೊಳ್ಳುತ್ತದೆ, ಅದು ತುರ್ತು ಚಿಕಿತ್ಸೆ ಬೇಡುವ ಸ್ಥಿತಿ ಮತ್ತು ಚಿಕಿತ್ಸೆಯಿಂದ ಗುಣವಾಗುವ ಸ್ಥಿತಿ ಎಂಬುದು ಇಂದಿನ ವೈದ್ಯಕೀಯದ ತಿಳಿವಳಿಕೆ. ಅದಕ್ಕಿಂತ ಬಹಳ ಹೆಚ್ಚಿನ ತಾಯಂದಿರನ್ನು ಕಾಡುವ ಹೆರಿಗೆಯ ನಂತರದ ಖಿನ್ನತೆ ಸದ್ದಿಲ್ಲದ್ದು. ಅದನ್ನು ಸೋಮಾರಿತನ, ಸಿಡುಕು ಎಂದು ಮನೆಯವರು ತಳ್ಳಿಹಾಕುವುದೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಮಗುವಿನೊಂದಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ಘಟಕ ಆರಂಭವಾದದ್ದು 2009ರಲ್ಲಿ. ಅದಕ್ಕೂ ನಾಲ್ಕು ದಶಕಗಳಿಗಿಂತ ಮೊದಲೇ ಒಬ್ಬ ಕಾದಂಬರಿಗಾರ್ತಿ ಈ ರೋಗದ ಎರಡನೆಯ ಅರ್ಧವನ್ನು, ಎಂದರೆ ಆಸ್ಪತ್ರೆಯಿಂದ ಮರಳಿದ ಮೇಲಿನ ಭಾಗವನ್ನು, ಬರೆದಿಟ್ಟಿದ್ದರು. ಆ ಭಾಗ ವೈದ್ಯಕೀಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಸಾಲಿಗಿಂತ ಹೆಚ್ಚಿರುವುದಿಲ್ಲ. ತ್ರಿವೇಣಿಯವರು 1963ರಲ್ಲಿ, ತಮ್ಮ 34ನೆಯ ವಯಸ್ಸಿನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು ಎಂಬ ಸಂಗತಿಯನ್ನು ತಿಳಿದು ಈ ಕೃತಿಯನ್ನು ಓದುವವರಿಗೆ ಬಾಣಂತನದ ಕೋಣೆ ಬೇರೆಯಾಗಿಯೇ ಕಾಣುತ್ತದೆ.

ಅನುಪಮಾ ನಿರಂಜನ ಅವರ ‘ಮಾಧವಿ’ ಕಾದಂಬರಿಯನ್ನೂ ಈ ಕಣ್ಣಿನಿಂದ ಓದಬಹುದು. ಗಾಲವನ ಗುರುದಕ್ಷಿಣೆಯ 800 ಕುದುರೆಗಳಿಗಾಗಿ ರಾಜರಿಂದ ರಾಜರಿಗೆ ಒಪ್ಪಿಸಲ್ಪಟ್ಟು, ಗಂಡುಮಕ್ಕಳನ್ನು ಹೆತ್ತುಕೊಡಬೇಕಾದ ಯಯಾತಿಯ ಮಗಳ ಕಥೆ ಮಹಾಭಾರತದ್ದು. ಪ್ರತಿ ಹೆರಿಗೆಯ ಬಳಿಕವೂ ಆಕೆ ಮತ್ತೆ ಕನ್ಯೆಯಾಗುವ ವರವನ್ನು ಪಡೆದಿದ್ದಳೆಂದು ಪುರಾಣ ಹೇಳುತ್ತದೆ. ಹೆರಿಗೆಯಿಂದ ಹೆರಿಗೆಗೆ ಸವೆಯುವ ದೇಹಗಳನ್ನು ದಿನವೂ ಕಾಣುತ್ತಿದ್ದ ವೈದ್ಯೆಯೊಬ್ಬರು ಈ ಕಥೆಯನ್ನೇ ಆಯ್ದುಕೊಂಡದ್ದು ಆಕಸ್ಮಿಕವಿರಲಾರದು.

ಮುದ್ರಣದ ವರ್ಷ

ಸಾಹಿತ್ಯಕೃತಿ ಹಳೆಯದಾದಷ್ಟೂ ಅದಕ್ಕೆ ಬೆಲೆ ಬರಬಹುದು. ಆರೋಗ್ಯದ ಪುಸ್ತಕದ ಗತಿ ಬೇರೆ. ಕನ್ನಡದ ಜನಪ್ರಿಯ ವೈದ್ಯಕೀಯ ಪುಸ್ತಕಗಳು ಮರುಮುದ್ರಣಗೊಳ್ಳುವಾಗ ಪರಿಷ್ಕರಣೆಯಾಗಿದೆಯೇ ಇಲ್ಲವೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವ ಶಿಸ್ತು ಎಲ್ಲ ಪ್ರಕಾಶಕರಲ್ಲೂ ಇಲ್ಲ. ಮರುಮುದ್ರಣದ ವರ್ಷವನ್ನು ನೋಡಿ ಪುಸ್ತಕ ಹೊಸದೆಂದು ಓದುಗರು ಭಾವಿಸಿದರೆ ಅದು ಅವರ ತಪ್ಪಲ್ಲ. ಆದ್ದರಿಂದ ಸಂಶೋಧಕರು ಹಸ್ತಪ್ರತಿಯ ಕಾಲನಿರ್ಣಯಕ್ಕೆ ಬಳಸುವ ಆಂತರಿಕ ಪ್ರಮಾಣಗಳನ್ನು ಇಲ್ಲಿಯೂ ಬಳಸಬಹುದು.

ಬಸಿರಿಗೆ ಮೊದಲೇ ಫೋಲಿಕ್ ಆಮ್ಲ ಆರಂಭಿಸುವುದರಿಂದ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಖಚಿತಪಡಿಸಿದ್ದು 1991ರಲ್ಲಿ. ಅದಕ್ಕೆ ಹಿಂದಿನ ಪುಸ್ತಕದಲ್ಲಿ ಈ ಸಲಹೆಯನ್ನು ಅರಸುವುದು ವ್ಯರ್ಥ. ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡಬಾರದ ಅವಧಿ 4ರಿಂದ 6 ತಿಂಗಳು ಎಂದಿದ್ದರೆ ಅದು 2001ಕ್ಕೆ ಹಿಂದಿನ ಮಾತು. ಆ ವರ್ಷದಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಪೂರ್ತಿ 6 ತಿಂಗಳು. ಮುಟ್ಟು ನಿಂತ ಹೆಂಗಸರಿಗೆಲ್ಲ ಹೃದಯದ ರಕ್ಷಣೆಗೆಂದು ಹಾರ್ಮೋನ್ ಮಾತ್ರೆಗಳನ್ನು ಶಿಫಾರಸು ಮಾಡುವ ಪುಸ್ತಕ 2002ಕ್ಕೆ ಹಿಂದಿನದಾಗಿರುತ್ತದೆ. ಆ ವರ್ಷ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಕಂಡುಬಂದು ಹಾರ್ಮೋನ್ ಪ್ರಯೋಗದ ಒಂದು ಭಾಗವನ್ನು ನಿಲ್ಲಿಸಲಾಯಿತು. ಅನಂತರ ಈ ತೀರ್ಮಾನವೂ ಸೂಕ್ಷ್ಮಗೊಂಡಿತು: ಮುಟ್ಟು ನಿಂತ ಹೊಸದರಲ್ಲಿ, ತೀವ್ರ ತೊಂದರೆಯಿರುವವರಿಗೆ, ವೈದ್ಯರ ನಿಗಾದಲ್ಲಿ ಅವು ಪ್ರಯೋಜನಕಾರಿಯಾಗಬಲ್ಲವು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ವೈರಸ್ ಕಾರಣ ಎಂಬುದು 1980ರ ದಶಕದಲ್ಲಿ ಗೊತ್ತಾದ ವಿಷಯ, ಅದನ್ನು ತಡೆಯುವ ಲಸಿಕೆ ಬಳಕೆಗೆ ಬಂದದ್ದು 2006ರಲ್ಲಿ. ಅನುಪಮಾ ನಿರಂಜನ ಅವರು ಕ್ಯಾನ್ಸರಿನಿಂದಲೇ ತೀರಿಕೊಂಡದ್ದು 1991ರಲ್ಲಿ. ಮೇಲೆ ಹೇಳಿದ ಹೆಚ್ಚಿನ ಬದಲಾವಣೆಗಳು ಅವರ ಕಾಲಾನಂತರದವು. ಅವರ ಪುಸ್ತಕಗಳಲ್ಲಿ ಇವು ಇಲ್ಲವೆಂದು ದೂರುವುದು ಅನ್ಯಾಯ. ಇವು ಇಲ್ಲವೆಂದು ಓದುಗರಿಗೆ ತಿಳಿಸದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಕಾಲ ಕೆಡಿಸದ ಭಾಗಗಳೂ ಇವೆ. ಹೆರಿಗೆಯಾದ ಮೊದಲ ಗಂಟೆಯಲ್ಲೇ ಮಗುವಿಗೆ ಹಾಲೂಡಿಸಬೇಕು, ಹಳದಿ ಬಣ್ಣದ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಬಾರದು, ಬಾಣಂತಿಗೆ ನೀರು ಮತ್ತು ಸೊಪ್ಪುತರಕಾರಿಗಳನ್ನು ಕಟ್ಟು ಮಾಡಬಾರದು ಎಂಬ ತಿಳಿವಳಿಕೆ ಹಳೆಯದಾಗುವಂಥದ್ದಲ್ಲ. ಅವುಗಳ ಅಗತ್ಯವೂ ಇನ್ನೂ ಮುಗಿದಿಲ್ಲ.

ಓದಿನ ಕ್ರಮ

ಹಾಗಾದರೆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವೇನು? ಅನುಪಮಾ ನಿರಂಜನ ಅವರಿಂದ ಆರಂಭಿಸುವುದು ಸರಿ. ಮೊದಲು ‘ಕೇಳು ಕಿಶೋರಿ’, ಆಮೇಲೆ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’. ಇವುಗಳಿಂದ ಭಾಷೆ ಮತ್ತು ಧೈರ್ಯ ಎರಡೂ ದೊರೆಯುತ್ತವೆ. ಚಿಕಿತ್ಸೆ, ಔಷಧ, ಕಾನೂನುಗಳ ಮಟ್ಟಿಗೆ ಅವುಗಳ ಮೇಲೆಯೇ ನಿಲ್ಲದೆ ಅನಂತರದ ವೈದ್ಯ ಲೇಖಕಿಯರತ್ತ ಹೊರಳಬೇಕು. ಡಾ. ಎಚ್. ಗಿರಿಜಮ್ಮ, ಡಾ. ಲೀಲಾವತಿ ದೇವದಾಸ್, ಡಾ. ವಸುಂಧರಾ ಭೂಪತಿ, ಡಾ. ಎಚ್. ಎಸ್. ಅನುಪಮಾ ಮೊದಲಾದವರು ಈ ಪರಂಪರೆಯನ್ನು ಬೇರೆಬೇರೆ ದಿಕ್ಕುಗಳಲ್ಲಿ ಬೆಳೆಸಿದ್ದಾರೆ. ಮನಸ್ಸಿನ ಆರೋಗ್ಯಕ್ಕೆ ಡಾ. ಸಿ. ಆರ್. ಚಂದ್ರಶೇಖರ್ ಅವರ ಸರಳ ಪುಸ್ತಕಗಳು ಇವೆ. ಅವುಗಳ ಪಕ್ಕದಲ್ಲೇ ‘ಶರಪಂಜರ’ವನ್ನು ಇಟ್ಟು ಓದಿದರೆ ಎರಡೂ ಹೆಚ್ಚು ಅರ್ಥವಾಗುತ್ತವೆ. ಐವತ್ತರ ನಂತರದ ಹೆಣ್ಣಿನ ದೇಹ, ಹೊಲದಲ್ಲೂ ಗಾರ್ಮೆಂಟ್ ಕಾರ್ಖಾನೆಯಲ್ಲೂ ದುಡಿಯುವ ದೇಹ, ಅಂಗವಿಕಲ ಹೆಣ್ಣಿನ ದೇಹ ಇವುಗಳ ಬಗೆಗಿನ ಬರವಣಿಗೆಯಲ್ಲಿ ಬಸಿರು-ಬಾಣಂತನದ ಬರವಣಿಗೆಯ ಸಮೃದ್ಧಿ ಇಲ್ಲ.

ಓದಲು ಬಾರದವರು ಪುಸ್ತಕ ಮಾಡಿದರೆ ಅದು ಹೇಗಿರುತ್ತದೆ ಎಂಬುದಕ್ಕೆ ರಾಜಸ್ಥಾನದ ನಿದರ್ಶನವೊಂದನ್ನು ನೋಡಬಹುದು. 1989ರಲ್ಲಿ ದೆಹಲಿಯ ಕಾಳಿ ಫಾರ್ ವಿಮೆನ್ ಪ್ರಕಟಿಸಿದ ‘ಶರೀರ್ ಕೀ ಜಾನ್‌ಕಾರಿ’ ಎಂಬ ಹಿಂದಿ ಪುಸ್ತಕವನ್ನು ರೂಪಿಸಿದವರು ಅಲ್ಲಿನ ಹಳ್ಳಿಗಳ 75 ಮಹಿಳೆಯರು. ಮೊದಲ ಕೈಬರಹದ ಪ್ರತಿಯಲ್ಲಿ ಬೆತ್ತಲೆ ದೇಹದ ಚಿತ್ರಗಳಿದ್ದವು. ಹಳ್ಳಿಯವರು ಒಪ್ಪಲಿಲ್ಲ. ಆಗ ಅವರು ಉಡುಗೆ ತೊಟ್ಟ ಹೆಣ್ಣಿನ ಚಿತ್ರ ಬರೆದು, ಲಂಗವನ್ನು ಎತ್ತಿದರೆ ಒಳಗಿನ ಅಂಗರಚನೆ ಕಾಣುವಂತೆ ಕಾಗದದ ಮಡಿಕೆಯನ್ನು ಅಂಟಿಸಿದರು. ಕನ್ನಡದ ಕಿವಿಮಾತು ಮಾತಿನಲ್ಲಿ ಮಾಡಿದ್ದನ್ನೇ ಅವರು ಕಾಗದದಲ್ಲಿ ಮಾಡಿದ್ದರು.

ಕರ್ನಾಟಕದಲ್ಲಿ ಅಂಥ ತಿಳಿವಳಿಕೆಯ ಭಂಡಾರಗಳೇ ಆಗಿದ್ದವರು ಸೂಲಗಿತ್ತಿಯರು. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಐದನೆಯ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. ತಾಯಂದಿರ ಜೀವ ಉಳಿಸಿದ ಈ ಬದಲಾವಣೆ ಸ್ವಾಗತಾರ್ಹ. ಆದರೆ ಸೂಲಗಿತ್ತಿಯರ ಬಾಯಲ್ಲಿದ್ದ ದೇಹದ ಪದಗಳನ್ನು ಪ್ರದೇಶವಾರು ಸಂಗ್ರಹಿಸುವ ಕೆಲಸಕ್ಕೆ ಉಳಿದಿರುವ ಕಾಲ ಕಡಿಮೆ. ಈ ಕೆಲಸ ವೈದ್ಯಕೀಯ ಕಾಲೇಜುಗಳಿಂದ ಆಗುವಂಥದ್ದಲ್ಲ. ಅದು ಕನ್ನಡ ವಿಭಾಗಗಳ ಪಾಲಿನದು.

ಡ್ಯೂಯಿ ದಶಮಾಂಶ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯದಲ್ಲಿ ವೈಯಕ್ತಿಕ ಆರೋಗ್ಯದ ಪುಸ್ತಕಗಳು 613ರಲ್ಲಿ, ಪ್ರಸೂತಿ ಮತ್ತು ಸ್ತ್ರೀರೋಗಗಳವು 618ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತವೆ. ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಿಂದ ‘ಮಾಧವಿ’ಗೆ ಹೋಗಬೇಕಾದರೆ ಓದುಗಳು ಇಡೀ ಸಭಾಂಗಣವನ್ನು ದಾಟಬೇಕು. ಒಬ್ಬರೇ ಲೇಖಕಿಯ ಈ ಎರಡು ಪುಸ್ತಕಗಳನ್ನು ಒಂದೇ ಓದಿನ ಪಟ್ಟಿಯಲ್ಲಿ ಅಕ್ಕಪಕ್ಕ ಬರೆದು, ಪ್ರತಿಯೊಂದರ ಮುಂದೆಯೂ ಮೊದಲ ಮುದ್ರಣದ ವರ್ಷವನ್ನು ನಮೂದಿಸಿ ಗ್ರಂಥಪಾಲಕರ ಮೇಜಿನ ಮೇಲಿಡಲು ಕನ್ನಡ ವಿಭಾಗಕ್ಕೆ ಯಾರ ಅನುಮತಿಯೂ ಬೇಕಿಲ್ಲ.